ಡಬ್ಬಿಯ ಮೇಲಿನ ನಂಬರು

ಬಹಳ ವರ್ಷ ಒಂದೇ ಫೋನ್ ನಂಬರು ಇಟ್ಟುಕೊಂಡವನನ್ನು ಜನ ನಂಬಿಗಸ್ತನೆಂದು ತಿಳಿಯುತ್ತಾರೆ. ನನ್ನ ವಿಷಯದಲ್ಲಿ ಅದು ಶುದ್ಧ ಸೋಮಾರಿತನ. ಮೊದಲ ಮೊಬೈಲು ಕೊಂಡಾಗ ಅಂಗಡಿಯವನು ಕೊಟ್ಟ ನಂಬರೇ ಇಂದಿಗೂ ನನ್ನದು. ಫೋನುಗಳೇನೋ ಒಂದು ನೀರಿಗೆ ಬಿತ್ತು, ಒಂದು ಬಸ್ಸಿನಲ್ಲಿ ಉಳಿಯಿತು, ಇನ್ನೊಂದು ಮುಖ ಒಡೆದುಕೊಂಡಿತು. ನಂಬರಿಗೆ ಮಾತ್ರ ಏನೂ ಆಗಲಿಲ್ಲ. ವಿಜಯಪುರದ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುವ ನನ್ನಲ್ಲಿ, ತಲೆಗೂದಲೂ ಸೇರಿದಂತೆ, ಬೇರೆ ಯಾವುದೂ ಅಷ್ಟು ಕಾಲ ಬಾಳಿಲ್ಲ.

ಈ ಬಾಳಿಕೆಯನ್ನು ಮೊದಲು ಗುರುತಿಸಿದವಳು ಹೊನವಾಡದಲ್ಲಿರುವ ನನ್ನ ಅಕ್ಕ ಶಾಂತಾ. ನಮ್ಮ ಕಡೆ ಸ್ಟೀಲಿನ ಪಾತ್ರೆ-ಭಾಂಡೆ ಕೊಂಡವರು ಅದರ ಮೇಲೆ ಹೆಸರು ಹಾಕಿಸದೆ ಅಂಗಡಿಯ ಮೆಟ್ಟಿಲಿಳಿಯುವುದಿಲ್ಲ. ಅಂಗಡಿಯವನು ಸಣ್ಣ ಮಷೀನು ಹಿಡಿದು ಟರ್ರ್ ಎಂದು ಕೆತ್ತಿಕೊಡುತ್ತಾನೆ. ಅಕ್ಕ ತನ್ನ ಮಗಳ ಮದುವೆಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಒಂದೊಂದು ಡಬ್ಬಿ ಉಡುಗೊರೆ ಕೊಟ್ಟಳು. ನಾನೊಂದು ಡಬ್ಬಿ ಎತ್ತಿ ನೋಡಿದರೆ, ಹೆಸರಿರಬೇಕಾದ ಜಾಗದಲ್ಲಿ ನನ್ನ ಫೋನ್ ನಂಬರು!

“ಇದೇನ ಬೇ ಅಕ್ಕಾ?” ಎಂದೆ.

“ಶಾಂತವ್ವ ಅಂತ ಹಾಕ್ಸಿದ್ರ ಯಾವ ಶಾಂತವ್ವ ಅಂತ ತಿಳೀಬೇಕು? ನಮ್ಮ ಓಣ್ಯಾಗ ಅರ್ಧಾ ಮಂದಿ ಶಾಂತವ್ವಗೋಳು. ನಂಬರ ಆದ್ರ ಒಬ್ಬರದು ಇನ್ನೊಬ್ಬರಿಗೆ ಇರಂಗಿಲ್ಲ.”

“ಮತ್ತ ನಿನ್ನ ನಂಬರ ಹಾಕ್ಸಬೇಕಿತ್ತಲ್ಲ?”

“ನಂದು ಎಲ್ಲಿ ಒಂದ ಇರತೈತಿ? ಯಾವ ಸಿಮ್ ಸೋವಿ ಸಿಗತೈತಿ ಅದನ್ನ ತಂದು ಹಾಕ್ತಾನ ನನ್ನ ಮಗ. ನಿಂದು ಗಟ್ಟಿ ಐತಿ ನೋಡಪಾ.”

ಅಕ್ಕನ ಈ ಮಾತಿಗೆ ನನ್ನ ಎದೆ ಉಬ್ಬಿತು. ಇಳಿಯಲು ಬಹಳ ದಿನ ಹಿಡಿಯಲಿಲ್ಲ.

ಡಬ್ಬಿ ಎಂಬುದು ಮನೆಯಲ್ಲಿ ಕೂಡುವ ವಸ್ತುವಲ್ಲ. ಹಬ್ಬಕ್ಕೆ ಹೋಳಿಗೆ ತುಂಬಿಕೊಂಡು ಪಕ್ಕದ ಮನೆಗೆ ಹೋಗುತ್ತದೆ, ಬಾಣಂತಿಗೆ ಅಂಟಿನ ಉಂಡಿ ತುಂಬಿಕೊಂಡು ಬಬಲೇಶ್ವರಕ್ಕೆ ಹೋಗುತ್ತದೆ, ಅಲ್ಲಿಂದ ಇನ್ಯಾರದೋ ಕೈಯಲ್ಲಿ ಮಮದಾಪುರ ಸೇರುತ್ತದೆ. ಎಲ್ಲಿ ಉಳಿದರೂ ಅಲ್ಲಿಯವರು ಅದನ್ನು ತಿರುಗಿಸಿ, ನಂಬರು ನೋಡಿ, ನನಗೆ ಫೋನು ಹಚ್ಚುತ್ತಿದ್ದರು. “ನಿಮ್ಮ ಡಬ್ಬಿ ನಮ್ಮಲ್ಲಿ ಉಳದೈತ್ರಿ.” ಅದು ನನ್ನದಲ್ಲ, ನೀವೇ ಇಟ್ಟುಕೊಳ್ಳಿ ಎಂದರೆ, “ಮಂದಿ ಭಾಂಡೆ ಹೆಂಗ ಇಟ್ಕೊಳ್ಳೂದ್ರಿ?” ಎಂದು ನನಗೇ ಬುದ್ಧಿ ಹೇಳುತ್ತಿದ್ದರು. ಸಾರವಾಡದ ರೈತರೊಬ್ಬರು ಟ್ರ್ಯಾಕ್ಟರನ್ನು ನಮ್ಮ ಓಣಿಯೊಳಗೇ ತಂದು ನಿಲ್ಲಿಸಿ ಡಬ್ಬಿ ಕೊಟ್ಟು ಹೋದರು. ಖಾಲಿ ಡಬ್ಬಿ ಮರಳಿಸುವ ರೂಢಿ ನಮ್ಮಲ್ಲಿಲ್ಲವಾದ್ದರಿಂದ ಅದರಲ್ಲಿ ಶೇಂಗಾ ಹೋಳಿಗೆ ಇತ್ತು. ಹೋಳಿಗೆ ಮುಗಿಯಿತು, ಡಬ್ಬಿ ಉಳಿಯಿತು. ಹೀಗೆ ಉಳಿದ ಡಬ್ಬಿಗಳು ಅಡುಗೆಮನೆ ದಾಟಿ ನನ್ನ ಪುಸ್ತಕದ ಕಪಾಟಿಗೆ ಬಂದಾಗ ನನ್ನ ಹೆಂಡತಿ ಸುವರ್ಣಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಒಂದ ಭಾಂಡೆ ಅಂಗಡಿ ತಗೀರಿ, ಇಲ್ಲಾ ನಂಬರ ಬದಲಿ ಮಾಡ್ರಿ.”

ಅಂಗಡಿ ತೆಗೆಯುವ ತ್ರಾಣ ನನಗಿರಲಿಲ್ಲ. ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋಗಿ ಹೊಸ ಸಿಮ್ ಕೇಳಿದೆ. ಅಂಗಡಿಯವನು, “ಹಳೇದು ತಗದು ಇದನ್ನ ಹಾಕಿ ಬಿಡ್ಲೇನ್ರಿ ಸರ?” ಎಂದು ಕೈ ಚಾಚಿದ. ಫೋನು ಕೊಡಬೇಕು, ಅಷ್ಟರಲ್ಲಿ ಅದು ಬಡಿದುಕೊಂಡಿತು. ಗುರುತಿಲ್ಲದ ನಂಬರು. ಇದೊಂದು ಕೊನೆಯದು ಎಂದುಕೊಂಡು ಎತ್ತಿದವನೇ, “ಆ ಡಬ್ಬಿ ನೀವ ಇಟ್ಕೊಳ್ರಿ, ನನಗ ಬ್ಯಾಡ!” ಎಂದು ಕೂಗಿದೆ.

“ಡಬ್ಬಿ ಅಲ್ರಿ ಅಣ್ಣಾರ,” ಎಂದಿತು ಒಂದು ಹೆಣ್ಣುದನಿ, “ಡಬ್ಬಿ ಹಿಡಕೊಂಡು ಕುಂತಿದ್ದ ಅಕ್ಕಾರು ಬಸ್ಸಿನ್ಯಾಗ ಎಚ್ಚರ ತಪ್ಯಾರ್ರಿ. ಹೊನವಾಡದಾಗ ಹತ್ಯಾರಂತ. ಟಿಕೋಟಾದ ದವಾಖಾನಿಗೆ ಕರಕೊಂಡು ಬಂದೇವ್ರಿ. ಲಗೂನ ಬರ್ರಿ.”

ಹೊಸ ಸಿಮ್ಮನ್ನು ಅಲ್ಲೇ ಬಿಟ್ಟು ಓಡಿದೆ. ಟಿಕೋಟಾ ಮುಟ್ಟುವವರೆಗೆ ಯಾವ ದೇವರನ್ನು ಕರೆದೆನೋ ನೆನಪಿಲ್ಲ. ಅವ್ವ ಹೋದ ಮೇಲೆ ನನಗೆ ಅವ್ವನಾದವಳು ಅಕ್ಕ. ದವಾಖಾನೆಯಲ್ಲಿ ಅವಳು ಕೈಗೆ ಸಲಾಯಿನ್ ಹಚ್ಚಿಸಿಕೊಂಡು ಕಣ್ಣು ಬಿಟ್ಟು ಮಲಗಿದ್ದಳು. ಸಕ್ಕರೆ ಕಾಯಿಲೆಯವಳು, ಮುಂಜಾನೆ ಗುಳಿಗೆಯನ್ನೇನೋ ನುಂಗಿ, ಉಣ್ಣುವುದನ್ನು ಮರೆತಿದ್ದಳಂತೆ. ಚಾರ್ಜಿಗೆ ಹಾಕಿದ ಫೋನನ್ನೂ ಮರೆತಿದ್ದಳು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಪಕ್ಕದ ಸ್ಟೂಲಿನಲ್ಲಿ ಅಕ್ಕನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದರು. ಬಸ್ಸಿನಲ್ಲಿ ಅಕ್ಕನ ಪಕ್ಕ ಕೂತಿದ್ದ ಮೆಹಬೂಬಿ. ವಿಜಯಪುರಕ್ಕೆ ಹೊರಟವರು ತಮ್ಮ ಕೆಲಸ ಬಿಟ್ಟು ಅಕ್ಕನೊಂದಿಗೆ ಇಳಿದಿದ್ದರು.

ನಾನು ಕೈ ಮುಗಿದೆ. ಕಣ್ಣಲ್ಲಿ ನೀರು ಬಂತು.

“ಇದರಾಗ ಏನೈತ್ರಿ ಅಣ್ಣಾರ?” ಎಂದರು ಅವರು. “ನಮ್ಮ ಮನ್ಯಾಗೂ ಈ ನಂಬರಿನ ಡಬ್ಬಿ ಒಂದ ಐತ್ರಿ. ಹಿಂದ ಒಮ್ಮೆ ಫೋನ್ ಹಚ್ಚಿದ್ದೆ, ನೀವ ಎತ್ತಿದ್ರಿ. ಅದಕ್ಕ ಈ ನಂಬರಿಗೆ ಫೋನ್ ಹತ್ತತೈತಿ ಅಂತ ಧೈರ್ಯ ಇತ್ತು.”

ಆ ಹಿಂದಿನ ಸಲ ನಾನು ಅವರಿಗೆ ಏನೆಂದು ಉತ್ತರಿಸಿದ್ದೆನೋ, ಕೇಳುವ ಧೈರ್ಯವಾಗಲಿಲ್ಲ. ಅವರು ಹೇಳಲೂ ಇಲ್ಲ. ಆ ಉಪಕಾರವನ್ನೂ ಲೆಕ್ಕಕ್ಕೆ ಹಿಡಿದಿದ್ದೇನೆ.

ಅಕ್ಕ ಈಗ ಗಟ್ಟಿಯಾಗಿದ್ದಾಳೆ. ಮೊನ್ನೆ ಮೊಮ್ಮಗನ ತೊಟ್ಟಿಲ ಕಾರ್ಯಕ್ಕೆ ಕೊಡಲು ಮತ್ತಷ್ಟು ಡಬ್ಬಿ ಕೊಳ್ಳಬೇಕೆಂದು ವಿಜಯಪುರಕ್ಕೆ ಬಂದಿದ್ದಳು. ಅಂಗಡಿಯಲ್ಲಿ ಕೂತು ನನ್ನೆದುರೇ, “ಈ ಸಲ ಸುವರ್ಣಾನ ನಂಬರ ಹಾಕ್ಸೂಣು. ನೀ ಫೋನಿನ್ಯಾಗ ಮಂದಿಗೆ ಒದರ್ತಿ ಅಂತ ಮೆಹಬೂಬಿ ಹೇಳ್ಯಾಳ,” ಎಂದಳು.

ನನಗೆ ಎಂಥ ಸಿಟ್ಟು ಬಂತೆಂದರೆ, ಇಷ್ಟು ವರ್ಷ ಅಷ್ಟೆಲ್ಲ ಫೋನು ಎತ್ತಿದವನು ನಾನೋ ಅವಳೋ ಎಂದು ಅಂಗಡಿಯಲ್ಲೇ ಜಗಳ ತೆಗೆದೆ. ಆಮೇಲೆ ಕೆತ್ತುವವನ ತಲೆಯ ಮೇಲೆ ನಿಂತು, ಒಂದೊಂದು ಡಬ್ಬಿಯ ಮೇಲೂ ನನ್ನದೇ ನಂಬರು, ಮೊದಲಿಗಿಂತ ದೊಡ್ಡದಾಗಿ, ಬೀಳುವವರೆಗೆ ಜಾಗ ಬಿಟ್ಟು ಕದಲಲಿಲ್ಲ.