ಡ್ರೋನಿನ ಕಣ್ಣು ಮತ್ತು ಚಿಂಚಲಿ ಅಕ್ಕನ ಶಾವಿಗೆ

ನನ್ನ ಕಣ್ಣುಗಳ ಮೇಲೆ ನನಗೆ ಎಂದೂ ಪೂರ್ತಿ ಭರವಸೆ ಇದ್ದಿಲ್ಲ. ಫೋಟೋ ತೆಗೆದೇ ಹೊಟ್ಟೆ ಹೊರೆಯುವವನು ಹೀಗೆ ಹೇಳಬಾರದು, ಗಿರಾಕಿಗಳ ಕಿವಿಗೆ ಬಿದ್ದರೆ ಕಷ್ಟ. ಆದರೂ ಹೇಳುತ್ತೇನೆ. ಅಂಕಲಿಯಲ್ಲಿ ಇಷ್ಟು ವರ್ಷದಿಂದ ಸ್ಟುಡಿಯೊ ಇಟ್ಟುಕೊಂಡಿರುವ ನಾನು ನಿಪ್ಪಾಣಿಯ ಒಂದು ಬಟ್ಟೆ ಅಂಗಡಿಯ ಗಾಜಿನ ಬಾಗಿಲನ್ನು ಬಯಲೆಂದೇ ತಿಳಿದು ಮೂಗು ಜಜ್ಜಿಕೊಂಡಿದ್ದೇನೆ. ಒಮ್ಮೆ ಮುಸ್ಸಂಜೆ ಹೊತ್ತಿನಲ್ಲಿ ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಹೊರಗೆ ಗೆಳೆಯನದೆಂದು ಯಾರದೋ ಬೈಕಿನ ಹಿಂದೆ ಕೂತು, ಅರ್ಧ ದಾರಿ ಅವನ ಮಗಳ ಮದುವೆ ಆಲ್ಬಮ್ಮಿನ ಬಗ್ಗೆ ಮಾತಾಡಿದ್ದೇನೆ. ಆ ಮನುಷ್ಯ ಬಹಳ ಸಜ್ಜನ. ಅಂಕಲಿಯಲ್ಲಿ ನನ್ನನ್ನು ಇಳಿಸುವಾಗ ಮಾತ್ರ, "ನನಗ ಮಗಳ ಇಲ್ರಿ, ಇಬ್ರೂ ಗಂಡಸ ಮಕ್ಳು" ಅಂದ.

ಇಂಥ ನಾನು ಕಣ್ಣಿರುವ ಯಂತ್ರವೊಂದಕ್ಕೆ ಮನಸೋತದ್ದರಲ್ಲಿ ಆಶ್ಚರ್ಯವಿಲ್ಲ. ಈಗ ನಮ್ಮ ಕಡೆ ಮೇಲಿನಿಂದ ತೆಗೆದ ವಿಡಿಯೊ ಇಲ್ಲದಿದ್ದರೆ ಅದು ಮದುವೆಯೇ ಅಲ್ಲ. ಅಕ್ಷತೆ ಬೀಳುವುದನ್ನು ಅಕ್ಷತೆಗಿಂತ ಮೇಲೆ ಹೋಗಿ ತೆಗೆಯಬೇಕು. ಅದಕ್ಕೇ ಒಂದು ಡ್ರೋನ್ ತಂದೆ. ಮಾರಿದವನು, "ಇದಕ್ಕ ಕಣ್ಣ ಅದಾವ್ರಿ, ಎದುರಿಗೆ ಏನರೇ ಬಂದ್ರ ತಾನ ನಿಂದರತೈತಿ" ಅಂದಿದ್ದ. ಜೊತೆಗೊಂದು ಪುಸ್ತಕವನ್ನೂ ಕೊಟ್ಟಿದ್ದ. ಪುಸ್ತಕವನ್ನು ಹೆಂಡತಿ ಸುನಂದಾಳ ಕಪಾಟಿಗೆ ಸೇರಿಸಿ ನಾನು ನೇರವಾಗಿ ಹಾರಿಸುವುದಕ್ಕೆ ಹೋದೆ. ಗೋಡೆಯ ಕಡೆ ಬಿಟ್ಟೆ, ನಿಂತಿತು. ಓಣಿಯಲ್ಲಿ ನಿಂತಿದ್ದ ಕಬ್ಬಿನ ಟ್ರೇಲರಿನ ಕಡೆ ಬಿಟ್ಟೆ, ನಿಂತಿತು. ಪಕ್ಕದ ಮನೆಯ ಎಮ್ಮೆಯ ಮುಂದೆಯೂ ಗೌರವದಿಂದ ನಿಂತಿತು. ಎಮ್ಮೆ ಮಾತ್ರ ನಿಲ್ಲಲಿಲ್ಲ, ಗೂಟ ಕಿತ್ತುಕೊಂಡು ಓಡಿತು. ಅವತ್ತಿನಿಂದ ನನ್ನ ಬಾಯಿಗೆ ತಡೆ ಇಲ್ಲದಾಯಿತು. ಚಹಾದಂಗಡಿಯಲ್ಲಿ ಕೂತು, "ನಾ ಕಣ್ಣ ಮುಚ್ಚಿ ಹಾರಿಸಿದ್ರೂ ಅದಕ್ಕ ಏನೂ ಆಗಂಗಿಲ್ಲ" ಎಂದು ಕಂಡಕಂಡವರಿಗೆಲ್ಲ ಹೇಳತೊಡಗಿದೆ.

ಅದೇ ಹೊತ್ತಿಗೆ ನಿಪ್ಪಾಣಿಗೆ ಕೊಟ್ಟ ನಮ್ಮ ಮಗಳು ಸವಿತಾಳ ಕುಬಸ ನಿಶ್ಚಯವಾಯಿತು. ಚೊಚ್ಚಲ ಬಸುರಿಗೆ ತವರಿನವರು ಹೋಗಿ ಸೀರೆ ಕುಬಸ ಉಡಿಸಿ, ಅವಳು ಬಯಸಿದ್ದನ್ನೆಲ್ಲ ತಿನ್ನಿಸುವ ಕಾರ್ಯವದು. ಏನು ಬೇಕವ್ವಾ ಎಂದು ಕೇಳಿದರೆ ಹುಡುಗಿ ಬೇಡಿದ್ದು ಒಂದೇ. "ಅಪ್ಪಾ, ಚಿಂಚಲಿ ಅತ್ಯಾ ಕೈಲೆ ಹೊಸೆದ ಶ್ಯಾವಗಿ ಬೇಕು. ಹಾಲು ಬೆಲ್ಲ ಹಾಕ್ಕೊಂಡು ತಿನಬೇಕು ಅನಸಾಕತ್ತೈತಿ. ಅಂಗಡ್ಯಾಗಿಂದು ಬ್ಯಾಡ." ಬಸುರಿಯ ಬಯಕೆ ಎಂದರೆ ನಮ್ಮಲ್ಲಿ ಅದಕ್ಕೆ ಅಪೀಲಿಲ್ಲ. ಚಿಂಚಲಿಯಲ್ಲಿರುವ ನನ್ನ ಅಕ್ಕ, ಅರವತ್ತೆಂಟರ ವಯಸ್ಸಿನಲ್ಲಿ, ಶಾವಿಗೆ ಹೊಸೆಯುವ ಮಣೆಯನ್ನು ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬಂದಳು. ಅವಳ ಬೆರಳುಗಳಲ್ಲಿ ಈಗ ನೋವು. "ಇನ್ನ ಶ್ಯಾವಗಿ ಸಾಕು ಅಂದಿದ್ದೆ, ಆದ್ರ ಸವಿತಾಗ ಇಲ್ಲ ಅನ್ನಾಕ ಬರಂಗಿಲ್ಲ" ಅಂದಳು.

ಬಂದವಳೇ ಮೊದಲು ಕೇಳಿದ್ದು ಡ್ರೋನನ್ನು. ಹೊಸ ವಸ್ತುವಿಗೆ ಪೂಜೆಯಾಗಿಲ್ಲ ಎಂದು ತಿಳಿದು ಗಾಬರಿಯಾದಳು. ಅರಿಶಿನ ಕುಂಕುಮದ ಬಟ್ಟಲು ತಂದು, ಹೊಸ ಟ್ರ್ಯಾಕ್ಟರಿನ ದೀಪಗಳಿಗೆ ಹಚ್ಚುವಂತೆ ಡ್ರೋನಿನ ಒಂದೊಂದು ಕಣ್ಣಿಗೂ ದಪ್ಪಗೆ ಹಚ್ಚಿದಳು. ಹಚ್ಚುತ್ತ ಎಣಿಸಿದಳು. "ಮುಂದ ಎರಡು, ಹಿಂದ ಎರಡು, ತೆಳಗ ಎರಡು. ಬಾಜೂಕ ಒಂದೂ ಇಲ್ಲಲ್ಲೋ ತಮ್ಮಾ?"

"ಬೇಕಾಗಂಗಿಲ್ಲಕ್ಕಾ, ಅದು ಭಾಳ ಶ್ಯಾಣೇ ಐತಿ" ಅಂದೆ.

ಅಂಥ ಜಾಣ ಯಂತ್ರ ಕುಂಕುಮ ಬಿದ್ದೊಡನೆ ಕುರುಡಾಯಿತು. ಕಣ್ಣು ಒರೆಸಿ ಎಂದು ಫೋನಿನಲ್ಲಿ ಕೆಂಪು ಅಕ್ಷರ ಮೂಡತೊಡಗಿತು. ಅಕ್ಕ ಅತ್ತ ಹೋದಾಗ ಕಳ್ಳನಂತೆ ಟವೆಲ್ಲಿನಿಂದ ಒರೆಸಿದೆ. ಪೂಜೆಯನ್ನು ಅಳಿಸಿದವನಿಗೆ ಏನಾಗುತ್ತದೆ ಎನ್ನುವುದು ಮರುದಿನವೇ ತಿಳಿಯಿತು.

ಮರುದಿನ ಬೆಳಿಗ್ಗೆ ಮಾಳಿಗೆಯ ಮೇಲೆ ಶಾವಿಗೆಯ ಕೆಲಸ ಶುರುವಾಯಿತು. ಅಕ್ಕ ಮಣೆಯ ಮೇಲೆ ಕಣಕ ಹೊಸೆಯುವಳು, ಓಣಿಯ ಇಬ್ಬರು ಹೆಂಗಸರು ಕೆಳಗೆ ಇಳಿದ ಎಳೆಗಳನ್ನು ಹಿಡಿಯುವರು, ಸುನಂದಾ ಅವನ್ನು ಕೋಲಿನ ಮೇಲೆ ಹಾಕುವಳು. ಎರಡು ಮಂಚಗಳನ್ನು ಎದುರುಬದುರು ನಿಲ್ಲಿಸಿ, ನಡುವೆ ಕೋಲುಗಳನ್ನಿಟ್ಟು ಒಣಹಾಕಿದ್ದರು. ಒಂಬತ್ತು ಕೋಲು ತುಂಬಿ, ಕಣಕ ಮುಗಿಯುತ್ತ ಬಂದಿತ್ತು. ಬಿಸಿಲಿಗೆ ಆ ಎಳೆಗಳು ಹೊಳೆಯುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಮಗಳು ತಿನ್ನುವ ಶಾವಿಗೆ ಹುಟ್ಟಿದ್ದು ಹೇಗೆಂದು ಅವಳಿಗೇ ತೋರಿಸಬೇಕು ಅನಿಸಿತು. ಡ್ರೋನ್ ತಂದೆ.

ಸುನಂದಾ ಕೈಯಲ್ಲಿನ ಕೋಲು ಇಡದೆಯೇ ಕೇಳಿದಳು. ಅವಳು ಮೂವತ್ತು ವರ್ಷ ಸಾಲಿ ಮಕ್ಕಳಿಗೆ ಕಲಿಸಿದವಳು, ಪ್ರಶ್ನೆ ನೇರವಾಗಿಯೇ ಇರುತ್ತದೆ. "ಏನ್ರಿ, ಶ್ಯಾವಗಿ ಕಾಣತಾವೇನ್ರಿ ಅದಕ್ಕ?"

"ಎಮ್ಮಿ ಕಾಣತೈತಿ, ಶ್ಯಾವಗಿ ಕಾಣಂಗಿಲ್ಲೇನು?" ಎಂದು ನಕ್ಕೆ. ಈ ಉತ್ತರದಲ್ಲಿ ಎಲ್ಲಿ ತಪ್ಪಿದೆ ಎಂದು ಅವಳ ಮೂರನೆಯ ಇಯತ್ತೆಯ ಯಾವ ಮಗುವಾದರೂ ಹೇಳುತ್ತಿತ್ತು.

ಡ್ರೋನ್ ಮೇಲೆದ್ದಿತು. ದೂರದಲ್ಲಿ ಕಬ್ಬಿನ ಹೊಲ, ಅದರಾಚೆ ಕೃಷ್ಣೆ, ಎಲ್ಲ ಚೆನ್ನಾಗಿ ಬಂತು. ತಿರುಗಿಸಿ ಶಾವಿಗೆಯ ಕಡೆ ಮೆಲ್ಲಗೆ ನಡೆಸಿದೆ. ಫೋನಿನಲ್ಲಿ ಎಳೆಗಳು ದೊಡ್ಡವಾಗುತ್ತ ಬಂದವು. ಈಗ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. "ನಿಂದರತೈತಿ, ನಿಂದರತೈತಿ" ಎಂದು ಹೆಂಗಸರಿಗೆ ಗಟ್ಟಿಯಾಗಿ ಹೇಳಿದೆ. ತಪ್ಪು ನನ್ನದೇ, ಬೆರಳನ್ನು ಹಿಂದೆ ತೆಗೆಯಬಹುದಿತ್ತು. ಆದರೆ ಅಷ್ಟು ಜನರೆದುರು ಹೇಳಿದ ಮಾತು ನಿಜವಾಗುವುದನ್ನು ಕಾಯುತ್ತ ನಿಂತುಬಿಟ್ಟೆ. ಆ ಯಂತ್ರಕ್ಕೆ ಎಳೆಗಳ ನಡುವಿನ ಆಕಾಶ ಕಂಡಿರಬೇಕು. ಬಾಗಿಲು ತೆರೆದಿದೆ ಎಂದು ತಿಳಿದು ಒಳಗೆ ಹೋಯಿತು. ರೆಕ್ಕೆಗಳು ಶಾವಿಗೆಯನ್ನು ಸುತ್ತಿಕೊಂಡವು, ಒಂದು ಕೋಲು ಲಟಕ್ಕನೆ ಮುರಿಯಿತು, ನಾಲ್ಕು ಕೋಲುಗಳ ಸರಕು ನೆಲ ಕಂಡಿತು. ಡ್ರೋನ್ ಮೈತುಂಬ ಶಾವಿಗೆ ಉಟ್ಟುಕೊಂಡು ಮಂಚದ ಬುಡಕ್ಕೆ ಬಿದ್ದು ಸುಮ್ಮನಾಯಿತು.

ಅಕ್ಕ ಸೆರಗನ್ನು ಮುಖಕ್ಕೆ ಒತ್ತಿಕೊಂಡಳು, ಭುಜ ನಡುಗತೊಡಗಿತು. ನೋವಿನ ಬೆರಳಲ್ಲಿ ಬೆಳಗಿನಿಂದ ಹೊಸೆದ ಶಾವಿಗೆ. "ಅಕ್ಕಾ, ತಪ್ಪಾತು" ಎಂದು ಹತ್ತಿರ ಹೋದರೆ, ಆಕೆ ಸೆರಗು ತೆಗೆದಳು. ಅಳುತ್ತಿರಲಿಲ್ಲ. ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂದಿತ್ತು. "ತಮ್ಮಾ, ಬಯಕಿ ನಿನ್ನ ಡ್ರೋನಿಗೇ ಮೊದಲ ಹತ್ತೈತಲ್ಲೋ!" ಅಂದಳು. ಆಮೇಲೆ ಮಾಳಿಗೆಯ ತುಂಬ ನಗು.

ನಕ್ಕು ಮುಗಿದ ಮೇಲೆ ನ್ಯಾಯ ತೀರ್ಮಾನವಾಯಿತು. ಹೊಸದಾಗಿ ಕಣಕ ನಾದಿಕೊಡುವವನು ನಾನು. ಅಕ್ಕನಿಗೆ ಬೆರಳು ನೋಯದಂತೆ ಮಣೆಯ ಮೇಲೆ ಹೊಸೆಯುವವಳು ಸುನಂದಾ, ಹೇಳಿಕೊಡುವವಳು ಮಾತ್ರ ಅಕ್ಕ. ಮುರಿದ ಕೋಲಿನ ಬದಲು ಒಂದು ಬಿದಿರು ಸಿಕ್ಕಿತು, ಆದರೆ ಅದು ಗಿಡ್ಡ, ಒಂದು ತುದಿ ಮಾತ್ರ ಮಂಚಕ್ಕೆ ಎಟುಕಿತು. "ಇನ್ನೊಂದ ತುದಿ ನೀ ಹಿಡಿ, ಶ್ಯಾವಗಿ ಒಣಗೂ ತನಕ" ಅಂದಳು ಅಕ್ಕ. ಬಿಸಿಲಿನಲ್ಲಿ ಟವೆಲ್ಲು ತಲೆಗೆ ಹಾಕಿಕೊಂಡು ಕಂಬವಾಗಿ ನಿಂತೆ. ಎಮ್ಮೆಯ ಯಜಮಾನ ತನ್ನ ಮಾಳಿಗೆಯಿಂದ ನೋಡಿ, "ಏನ್ರಿ, ಇವತ್ತ ನೀವ ನಿಂತೀರಿ?" ಅಂದ.

ಕುಬಸ ಚೆನ್ನಾಗಿ ಆಯಿತು. ಸವಿತಾ ಹಸಿರು ಸೀರೆಯುಟ್ಟು ಎರಡು ಬಟ್ಟಲು ಶಾವಿಗೆ ತಿಂದಳು. ಕಣ್ಣು ಮುಚ್ಚಿ ಮೊದಲ ತುತ್ತು ನುಂಗಿ, "ಅತ್ಯಾಂದ ಐತಿ" ಅಂದಾಗ ಅಕ್ಕನ ಮುಖ ನೋಡಬೇಕಿತ್ತು. ಆ ಬಟ್ಟಲಿನದು ಸುನಂದಾ ಹೊಸೆದದ್ದೆಂದು ನಾವು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಆ ವಿಡಿಯೊ ಬೀಗರ ಮನೆಯ ಟಿವಿಯಲ್ಲಿ ಓಡಿತು. ಶಾವಿಗೆ ಮೈಮೇಲೆ ಬರುತ್ತಿದೆ, ಹಿಂದಿನಿಂದ ಫೋನು ಹಿಡಿದಿಟ್ಟ ನನ್ನ ದನಿ, "ನಿಂದರತೈತಿ, ನಿಂದರತೈತಿ." ಬೀಗರು ಐದು ಸಲ ಹಾಕಿಸಿದರು. ನಾನು ತೆಗೆದ ಯಾವ ಮದುವೆಯ ವಿಡಿಯೊವನ್ನೂ ಯಾರೂ ಐದು ಸಲ ನೋಡಿಲ್ಲ.

ಮನೆಗೆ ಬಂದ ಸಂಜೆ ಸುನಂದಾ ಕಪಾಟಿನಿಂದ ಆ ಪುಸ್ತಕ ತೆಗೆದು ನನ್ನ ಪಕ್ಕದಲ್ಲಿ ಕೂತಳು. ಇಂಗ್ಲಿಷಿನಲ್ಲಿದ್ದುದನ್ನು ಒಂದೊಂದೇ ಬಿಡಿಸಿ ಹೇಳತೊಡಗಿದಳು. "ಸಣ್ಣ ಎಳಿ, ತಂತಿ ಕಾಣಂಗಿಲ್ಲ. ಗಾಜು ಕಾಣಂಗಿಲ್ಲ. ಮಬ್ಬಿನ್ಯಾಗ ಭರೋಸಾ ಇಲ್ಲ. ಬಾಜೂಕ ಇದ್ದದ್ದು ಗೊತ್ತ ಆಗಂಗಿಲ್ಲ." ಪುಸ್ತಕ ಮಡಚಿ ನನ್ನ ಮುಖ ನೋಡಿದಳು. "ಇದನ್ನ ಡ್ರೋನ್ ನೋಡಿ ಬರದಾರೋ, ನಿಮ್ಮನ್ನ ನೋಡಿ ಬರದಾರೋ?"

ಹಾಗೆಲ್ಲ ಬರೆದಿರಲು ಸಾಧ್ಯವಿಲ್ಲ, ಇವಳೇ ಸೇರಿಸಿ ಓದುತ್ತಿದ್ದಾಳೆ ಅನಿಸಿತು. ನಾನೇ ಓದಿ ನೋಡುತ್ತೇನೆ ಎಂದು ಪುಸ್ತಕ ಕಸಿದುಕೊಂಡು ಓದಲು ಕಣ್ಣಿಗೇರಿಸುವ ಚಾಳೀಸಿಗಾಗಿ ತಡಕಾಡಿದೆ. ಮುಂದೆ ಮೇಜಿನ ಮೇಲಿರಲಿಲ್ಲ. ಹಿಂದೆ ತಿರುಗಿದೆ, ಗೂಡಿನಲ್ಲಿರಲಿಲ್ಲ. ಕೆಳಗೆ ಬಗ್ಗಿದೆ, ಅಲ್ಲೂ ಇರಲಿಲ್ಲ.

"ಬಾಜೂಕ ನೋಡ್ರಿ" ಅಂದಳು ಸುನಂದಾ, ನನ್ನ ಚಾಳೀಸನ್ನು ಸೆರಗಿನಿಂದ ಒರೆಸುತ್ತ.