ಎಲ್ಲರ ಫೋಲ್ಡರ್

ಕಟ್ಟಡಗಳ ನಕ್ಷೆ ಬರೆಯುವ ಆ ಆಫೀಸಿನಲ್ಲಿ ಪ್ರಿಂಟರ್ ಕೆಳಗಿತ್ತು, ಸಾಹೇಬರು ಮೇಲಿದ್ದರು, ನಡುವೆ ಓಡಾಡಲು ಕಿರಿಯ ನಕ್ಷೆಗಾರನಿದ್ದ. ಎಲ್ಲರ ನಕ್ಷೆಗಳೂ ಅವನ ಜೇಬಿನಲ್ಲೇ ಮೆಟ್ಟಿಲು ಹತ್ತಿಳಿಯುತ್ತಿದ್ದುದರಿಂದ ಅವನಿಗೆ ಪೆನ್‌ಡ್ರೈವಣ್ಣ ಎಂಬ ಹೆಸರು ಅಂಟಿಕೊಂಡಿತ್ತು. ಇನ್ನೊಬ್ಬರ ಗೋಡೆಗಳನ್ನು ಹೊತ್ತು ಹೊತ್ತು, ತಾನೊಂದು ಗೋಡೆ ಎಳೆದು ಎಷ್ಟು ಕಾಲವಾಯಿತೆಂಬುದೇ ಅವನಿಗೆ ಮರೆತುಹೋಗಿತ್ತು.

"ಈ ಓಡಾಟ ನಿಲ್ಲಿಸೋಕೆ ಏನಾದ್ರೂ ಮಾಡು. ಸಂಜೆ ಒಳಗೆ ಆದ್ರೆ ಮಕ್ಕಳ ಲೈಬ್ರರಿ ನಕ್ಷೆ ನಿಂಗೇ. ಇಲ್ಲಾಂದ್ರೆ ಹೊರಗಿನವರಿಗೆ ಕೊಟ್ಬಿಡ್ತೀನಿ," ಎಂದರು ಸಾಹೇಬರು.

ಮೂಲೆಯಲ್ಲಿ ಧೂಳು ಹೊದ್ದು ಮಲಗಿದ್ದ ಹಳೇ ಕಂಪ್ಯೂಟರನ್ನು ಅವನು ಎಬ್ಬಿಸಿದ. ವೈರು ಎಳೆದು ಎಲ್ಲರ ಕಂಪ್ಯೂಟರಿಗೂ ಪ್ರಿಂಟರಿಗೂ ಜೋಡಿಸಿ, ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿದ. ಕಡತ ಹಂಚಿಕೊಳ್ಳಲೆಂದೇ ಇರುವ ಸಾಂಬಾ ಎಂಬ ತಂತ್ರಾಂಶ ಕೂರಿಸಿ, ಒಂದು ಫೋಲ್ಡರನ್ನು ಎಲ್ಲರಿಗೂ ಹಂಚಿದ. ಯಾರ ಪರದೆಯ ಮೇಲೂ ಅದು ಕಾಣಲಿಲ್ಲ.

"ಆ ಮೂಲೇಲಿ ಗಾಳಿ ಆಡಲ್ಲ ಕಣೋ, ಈಚೆಗೆ ಎಳಿ," ಎಂದರು ಪಕ್ಕದ ಮೇಜಿನಲ್ಲಿ ಲೆಕ್ಕ ಬರೆಯುವ ಅಕ್ಕ.

"ವೈರು ಉದ್ದ ಆಯ್ತಯ್ಯ. ದಾರೀಲೇ ಸೋರಿ ಹೋಗ್ತಿದೆ," ಎಂದರು ಮೇಲಿನಿಂದ ಇಳಿದು ಬಂದ ಹಿರಿಯ ನಕ್ಷೆಗಾರರು.

ಏನೂ ಸೋರುತ್ತಿರಲಿಲ್ಲ, ಹೊರಗಿನವರನ್ನು ತಡೆಯುವ ಫೈರ್‌ವಾಲ್ ಒಳಗಿನಿಂದ ಚಿಲಕ ಹಾಕಿಕೊಂಡಿತ್ತು, ಅಷ್ಟೇ. ಅದನ್ನು ತೆಗೆದ. ಫೋಲ್ಡರ್ ಕಾಣಿಸಿತು. ಆದರೆ ಯಾರು ಏನು ಇಡಹೋದರೂ 'ಅನುಮತಿ ಇಲ್ಲ' ಎಂದಿತು.

"ಊಟಕ್ಕೆ ಕರೆದು ಅಡುಗೆಮನೆಗೆ ಬೀಗ ಹಾಕ್ದಂಗಾಯ್ತಲ್ಲೋ," ಎಂದರು ಅಕ್ಕ.

ಒಬ್ಬೊಬ್ಬರಿಗೂ ಬೇರೆ ಬೇರೆ ಅನುಮತಿ ಕೊಡಬೇಕಿತ್ತು. ಹೊರಗೆ ಬಿಸಿಲು ಇಳಿಯುತ್ತಿತ್ತು. ಅವನು ಕಣ್ಣು ಮುಚ್ಚಿ ಒಂದೇ ಆದೇಶ ಕುಟ್ಟಿದ: ಯಾರು ಬೇಕಾದರೂ ಓದಲಿ, ಬರೆಯಲಿ, ಅಳಿಸಲಿ.

ಆಫೀಸು ಜೇನುಗೂಡಿನಂತೆ ಗುಂಯ್‌ಗುಟ್ಟಿತು. ಸಾಹೇಬರು ಕೂತಲ್ಲಿಂದಲೇ ಪ್ರಿಂಟ್ ಕೊಟ್ಟು, ಕೆಳಗಿಳಿದು ಬಂದು, ಹಾಳೆಯನ್ನು ಬೆಳಕಿಗೆ ಹಿಡಿದರು.

"ಈ ಮನೆ ಬಾಗಿಲು ಎಡಕ್ಕೆ ಹೋಯ್ತಲ್ಲ?"

"ನಾನೇ ಸರಿಸಿದೆ ಸಾರ್. ಫೋಲ್ಡರ್ ತೆರೆದಿತ್ತಲ್ಲ, ಅಂದ ಕಾಣ್ಲಿ ಅಂತ," ಎಂದರು ಹಿರಿಯರು.

"ಮಹಡಿ ನಕ್ಷೆ ಎಲ್ಲಿ?"

"ಒಂದೇ ಥರದ ಹೆಸರಿನವು ಎರಡಿದ್ವು," ಎಂದರು ಅಕ್ಕ. "ಒಂದನ್ನ ತೆಗೆದೆ. ಜಾಗ ಉಳೀತು."

ಪೆನ್‌ಡ್ರೈವಣ್ಣನ ಜೇಬಿನಲ್ಲಿ ಹಳೆಯ ಪ್ರತಿಗಳಿದ್ದುದರಿಂದ ಮನೆ ಉಳಿಯಿತು. ಸಾಹೇಬರು ಬೆವರು ಒರೆಸಿಕೊಂಡು ತೀರ್ಪು ಕೊಟ್ಟರು: "ನೋಡೋದು ಎಲ್ರೂ ನೋಡ್ಲಿ. ಬರೆಯೋ ಅಧಿಕಾರ ಒಬ್ಬನಿಗೇ, ನಿಂಗೆ. ಪಾಸ್‌ವರ್ಡ್ ನನಗೂ ಹೇಳ್ಬೇಡ. ಲೈಬ್ರರಿ ಶುರು ಮಾಡು."

ಅವನ ಎದೆ ಗೇಣುದ್ದ ಉಬ್ಬಿತು. ಕುರ್ಚಿ ಎಳೆದು ಕೂತು, ಲೈಬ್ರರಿಯ ಮೊದಲ ಗೋಡೆ ಎಳೆದ. ನೇರವಾಗಿ ಬಂತು.

"ಅಣ್ಣಾ, ನನ್ನ ಲೆಕ್ಕ ಫೋಲ್ಡರಿಗೆ ಹಾಕ್ಬೇಕು. ಬಂದು ಪಾಸ್‌ವರ್ಡ್ ಒತ್ತಿ ಹೋಗು," ಎಂದರು ಅಕ್ಕ. ಕಣೋ ಎನ್ನುತ್ತಿದ್ದವರು ಈಗ ಅಣ್ಣ ಎಂದಿದ್ದರು.

ಒತ್ತಿ ಬಂದ. ಎರಡನೆಯ ಗೋಡೆಗೆ ಕೈಯಿಡುವಷ್ಟರಲ್ಲಿ ಮೇಲಿನಿಂದ ಹಿರಿಯರ ದನಿ: "ನಂದೂ ಒಂದಿದೆಯಯ್ಯ." ಅದರ ಹಿಂದೆಯೇ ಸಾಹೇಬರದು: "ಹಂಗೇ ನನ್ನ ಹತ್ರಾನೂ ಬಾ."

ಪೆನ್‌ಡ್ರೈವಣ್ಣ ಎದ್ದ. ಮೆಟ್ಟಿಲ ತಿರುವಿನಲ್ಲಿ ಒಂದು ಕ್ಷಣ ನಿಂತು ಉಸಿರು ಎಳೆದುಕೊಂಡ. ಲೈಬ್ರರಿಯ ಚಿತ್ರ ಕಣ್ಣ ಮುಂದೆ ಪೂರ್ತಿಯಾಗಿ ಮೂಡಿತು. ದೊಡ್ಡ ಕಿಟಕಿಗಳು, ನೆಲಕ್ಕೆ ತಾಗುವ ಕಪಾಟುಗಳು, ತುಂಬ ಬೆಳಕು. ಮೆಟ್ಟಿಲು ಮಾತ್ರ ಒಂದೂ ಇರಲಿಲ್ಲ.