ಕಾರಿಗೆ ಹೊಸ ಟೈರು, ನನಗೆ ಬರಿಗಾಲು

ಶೇಂಗಾ ಹುರಿಯುವಾಗ ಫೋನು ಬಂದರೆ ನಾನು ಎತ್ತುವವಳಲ್ಲ. ಕಣ್ಣು ಆಚೆ ಹೋದರೆ ಕಾಳು ಕರ್ರಗೆ. ಆವತ್ತು ಮಾತ್ರ ಎತ್ತಿದೆ, ಯಜಮಾನರು ಮಗಳನ್ನು ನೋಡಿಬರಲು ಮೊಳಕಾಲ್ಮುರಿಗೆ ಹೋಗಿದ್ದರು. "ಪಂಕ್ಚರ್ ಆಗೈತೆ ಕಣೇ, ಜಾಲಿ ಮುಳ್ಳು. ಸ್ಟೆಪ್ನಿಯಲ್ಲೂ ಗಾಳಿ ಇಲ್ಲ," ಅಂದರು. ನಾನು ಸೌಟು ಬಿಟ್ಟು ಕೇಳುತ್ತಾ ನಿಂತೆ, ಶೇಂಗಾ ಸೀದುಹೋಯಿತು. ಮಗಳು ಗಿರಿಜೆಗೆ ಏಳು ತಿಂಗಳು ತುಂಬಿ ಎಂಟರಲ್ಲಿ ಬಿದ್ದಿದೆ. ಮುಂದಿನ ಸೋಮವಾರ ಅವಳನ್ನು ಹೆರಿಗೆಗೆ ಚಳ್ಳಕೆರೆಗೆ ಕರೆತರಬೇಕು, ಇದೇ ಕಾರಿನಲ್ಲಿ, ಇದೇ ದಾರಿಯಲ್ಲಿ. ಅವಳ ಗಂಡನ ಊರಿಗೆ ಹೋಗುವ ಕಚ್ಚಾ ರಸ್ತೆಯಲ್ಲಿ ಕುರಿಹಟ್ಟಿಗೆ ಬೇಲಿ ಕಟ್ಟುವವರು ಜಾಲಿ ಕೊಂಬೆ ದರದರ ಎಳೆದುಕೊಂಡು ಹೋಗುತ್ತಾರೆ. ಕೊಂಬೆ ಹಟ್ಟಿ ಸೇರುತ್ತದೆ, ಮುಳ್ಳು ರಸ್ತೆಯಲ್ಲೇ ಉಳಿಯುತ್ತದೆ. ಆ ಹೊಟ್ಟೆ ಹೊತ್ತು ಮಗಳು ಆ ಬಿಸಿಲಲ್ಲಿ ನಿಂತರೆ?

ಆ ಸಂಜೆಯೇ ದೇವರ ಮುಂದೆ ನಿಂತು, "ಶಿವನೇ, ಟೈರಿಗೆ ಒಂದು ಮುಳ್ಳೂ ಚುಚ್ಚದ ಹಾಗೆ ಮಗಳು ಮನೆ ಮುಟ್ಟಲಿ. ಅವಳ ಹೆರಿಗೆ ಆಗೋವರೆಗೂ ನಾನು ಚಪ್ಪಲಿ ಮೆಟ್ಟಲ್ಲ," ಅಂತ ಹರಕೆ ಹೊತ್ತೆ. ಪಂಕ್ಚರ್ ಹಾಕಿಸಿಕೊಂಡು ಮನೆ ಸೇರಿದ ಯಜಮಾನರಿಗೆ ದೇವರ ಮೇಲೆ ಭಕ್ತಿ ಉಂಟು, ಆದರೂ ಮರುದಿನವೇ ಹೊಸ ಟೈರು ನೋಡಲು ಹೊರಟರು. ನಾನೂ ಬರಿಗಾಲಲ್ಲೇ ಹಿಂದೆ ಹೋದೆ. ಸಂತೆಯಲ್ಲಿ ಬದನೆಕಾಯಿ ಒತ್ತುವಂತೆ ಒಂದೊಂದು ಟೈರನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡಿದರು. ಒಂದೂ ತಗ್ಗಲಿಲ್ಲ. "ಯಾವುದು ಪಂಕ್ಚರ್ ಆಗಲ್ಲ?" ಅಂತ ಕೇಳಿದರು.

ಟೈರಿನ ಅಂಗಡಿಯ ರಫೀಕ್ ನಕ್ಕ. "ಆಗೋದೇ ಇಲ್ಲ ಅಂತ ನಾನು ಕಸಮ್, ಆಣೆ ಹಾಕಲ್ಲ ಸಾಹುಕಾರ್ರೆ. ಇದರ ರಬ್ಬರು ದಪ್ಪ, ಪಕ್ಕೆಯೂ ಗಟ್ಟಿ. ಮುಳ್ಳು ಚುಚ್ಚಿದ್ರೂ ಗಾಳಿ ತನಕ ಹೋಗಲ್ಲ, ಅಲ್ಲೇ ಮುರಿದು ಕೂರ್ತೈತೆ. ಆದ್ರೆ ಕಾರು ಸ್ವಲ್ಪ ಎತ್ತಿ ಹಾಕ್ತೈತೆ."

"ಎತ್ತಿ ಹಾಕೋದು ಬ್ಯಾಡಪ್ಪ, ಮಗಳು ಬಸುರಿ," ಅಂದೆ.

"ಹಂಗಾದ್ರೆ ನಿಮ್ಮ ಯಜಮಾನ್ರು ನಿಧಾನ ಓಡಿಸ್ಬೇಕಕ್ಕ. ಅದಕ್ಕೆ ಟೈರು ನನ್ ಹತ್ರ ಇಲ್ಲ."

ನಾಲ್ಕಕ್ಕೂ ಅದನ್ನೇ ಹಾಕಿಸಿದೆವು. ಸ್ಟೆಪ್ನಿಗೂ ಗಾಳಿ ತುಂಬಿಸಿದೆವು.

ಸೋಮವಾರ ಯಜಮಾನರು ಮಗಳನ್ನು ಕರೆತರಲು ಹೋದರು, ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಾಲು ಉಕ್ಕಿಸಿದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ದೇವರಿಗೆ ಹಚ್ಚಿದ್ದ ದೀಪಕ್ಕೇ ಮತ್ತೆ ಕಡ್ಡಿ ಗೀರಿದೆ. ತಳುಕು ಊರು ದಾಟಿದಿರಾ, ಟೈರು ಮುಟ್ಟಿ ನೋಡಿದಿರಾ ಅಂತ ಗಳಿಗೆಗೊಮ್ಮೆ ಫೋನು. ಕೊನೆಗೆ ಗಿರಿಜೆಯೇ ಎತ್ತಿ, "ಅವ್ವಾ, ನಿನ್ ಫೋನ್ ಎತ್ತೋಕ್ಕೆ ಅಪ್ಪ ಅವಾಗ್ಲಿಂದ ಗಾಡಿ ನಿಲ್ಲಿಸ್ತಾನೇ ಅದಾರೆ. ಇಲ್ಲೇ ಹೆರ್ಲೇನು?" ಅಂದಳು. ಫೋನನ್ನು ಅಕ್ಕಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದೆ.

ಹೊತ್ತು ಇಳಿಯುವಾಗ ಕಾರು ಅಂಗಳಕ್ಕೆ ಬಂತು. ಟೈರು ನಾಲ್ಕೂ ಗುಂಡಗೆ, ಮಗಳು ಅದಕ್ಕಿಂತ ಗುಂಡಗೆ. ಕಣ್ಣಲ್ಲಿ ನೀರು ಬಂತು. ಕೆಂಪು ನೀರು ನಿವಾಳಿಸಿ ಅವಳನ್ನು ಒಳಗೆ ಕಳಿಸಿದೆ. ನೀರು ಚೆಲ್ಲಲು ಕಾರಿನ ಹಿಂದೆ ಎರಡು ಹೆಜ್ಜೆ ಇಟ್ಟಿದ್ದೆ, ಅಷ್ಟೇ. ಹಿಮ್ಮಡಿಯಿಂದ ಉರಿ ನೆತ್ತಿಗೇರಿತು. "ಅಯ್ಯೋ ಶಿವನೇ!"

ಯಜಮಾನರು ಓಡಿ ಬಂದು ಮೊದಲು ಟೈರು ನೋಡಿದರು. ಆಮೇಲೆ ನನ್ನನ್ನು. ರಫೀಕನ ಮಾತು ನಿಜವಾಗಿತ್ತು. ಮೊಳಕಾಲ್ಮುರಿನ ಮುಳ್ಳೆಲ್ಲ ಗಾಳಿಯವರೆಗೆ ಹೋಗದೆ ರಬ್ಬರಿನಲ್ಲೇ ಕೂತು ನಮ್ಮನೆಗೆ ಬಂದಿತ್ತು, ಅಂಗಳದಲ್ಲಿ ಒಂದೊಂದಾಗಿ ಇಳಿದಿತ್ತು.

ಕಟ್ಟೆಯ ಮೇಲೆ ಕೂರಿಸಿ ಪಿನ್ನಿನಿಂದ ಮುಳ್ಳು ತೆಗೆಯುತ್ತಾ, "ರಫೀಕನ ಹತ್ರ ನಿನ್ ಕಾಲಿನ ಸೈಜಿನ ಟೈರು ಐತೇನು ಕೇಳ್ಲಾ?" ಅಂದರು.

"ಹೆರಿಗೆ ಆಗೋವರೆಗೂ ಏನೂ ಬ್ಯಾಡ," ಅಂದೆ. ಟೈರಿಗೆ ಚುಚ್ಚಬಾರದು ಅಂತ ಬೇಡಿಕೊಂಡವಳು ನಾನೇ. ಮತ್ತೆ ಯಾರಿಗೆ ಚುಚ್ಚಬೇಕು ಅಂತ ಹೇಳಿರಲಿಲ್ಲ. ಶಿವ ಹತ್ತಿರದವರನ್ನೇ ನೋಡಿಕೊಂಡ. ಇರಲಿ, ನನ್ನ ಕಾಲಲ್ಲಿ ಗಾಳಿ ಇಳಿಯುವುದಿಲ್ಲ, ಅದೂ ಅವನ ದಯೆಯೇ.

ಒಳಗಿನಿಂದ ಗಿರಿಜೆ, "ಅವ್ವಾ, ಏನಾಯ್ತು? ಬರ್ಲಾ?" ಅಂತ ಕೂಗಿದಳು. ಅವಳೂ ಬರಿಗಾಲಲ್ಲಿದ್ದಳು.

"ಅಲ್ಲೇ ಕೂರೇ!" ಅಂದು, ಕುಂಟುತ್ತಾ ಪೊರಕೆ ತಂದು ಅಂಗಳ ಗುಡಿಸತೊಡಗಿದೆ.